ಜಾಲದ ನೀರಗಂಟಿ

ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿದದ್ದು 1953ರಲ್ಲಿ. ಅದರ ಎಡದಂಡೆ ಕಾಲುವೆಯು ಮುಂದೆ ಸಿಂಧನೂರಿನ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಆದರೆ ಮೇಲ್ಭಾಗದವರು ತಮ್ಮ ಪಾಲಿಗಿಂತ ಹೆಚ್ಚು ನೀರನ್ನು ತಿರುಗಿಸಿಕೊಂಡರೆ ಕೊನೆಯ ಭಾಗದ ರೈತನ ಹೊಲ ಒಣಗುತ್ತದೆ. ತೂಬಿನ ಬಳಿ ನಿಂತವನಿಗೆ ತನ್ನ ತೂಬು ಮಾತ್ರ ಕಾಣುತ್ತದೆ. ಎಲ್ಲರಿಗೂ ಪಾಲು ಸಲ್ಲಬೇಕಾದರೆ ಇಡೀ ಕಾಲುವೆಯನ್ನು ಬಲ್ಲ ನೀರಗಂಟಿ ಬೇಕು.

ಗಣಕಯಂತ್ರಗಳ ಜಾಲದಲ್ಲಿಯೂ ಇಂಥದೇ ಸಮಸ್ಯೆಯಿದೆ. ಅಲ್ಲಿ ಸಂದೇಶಗಳು ಸಣ್ಣ ಸಣ್ಣ ತುಣುಕುಗಳಾಗಿ ಹರಿಯುತ್ತವೆ. ಅವನ್ನು ದಾರಿಗೆ ಹಚ್ಚುವ ಯಂತ್ರಕ್ಕೆ ಸ್ವಿಚ್ಚು ಎಂದು ಹೆಸರು. ಹಳೆಯ ಪದ್ಧತಿಯಲ್ಲಿ ದಾರಿಯನ್ನು ನಿರ್ಧರಿಸುವ ಬುದ್ಧಿಯೂ ತುಣುಕನ್ನು ಸಾಗಿಸುವ ಕೈಯೂ ಒಂದೇ ಯಂತ್ರದಲ್ಲಿದ್ದವು. ಇವೆರಡನ್ನೂ ಬೇರ್ಪಡಿಸುವುದಕ್ಕೆ ನೆರವಾಗುವ ಓಪನ್‌ಫ್ಲೋ ಎಂಬ ಕ್ರಮವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಿಕ್ ಮೆಕ್‌ಕಿಯೋನ್ ಮೊದಲಾದವರು 2008ರಲ್ಲಿ ಮುಂದಿಟ್ಟರು. ಹೀಗೆ ಬೇರ್ಪಟ್ಟು ಒಂದೆಡೆ ನೆಲೆಸಿದ ಬುದ್ಧಿಯೇ ನಿಯಂತ್ರಕ. 2013ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಆರಂಭವಾದ ಓಪನ್‌ಡೇಲೈಟ್ ಅಂಥದೊಂದು ನಿಯಂತ್ರಕ. ಅದು ಮುಕ್ತ ತಂತ್ರಾಂಶ. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಒಂದೊಂದು ಸ್ವಿಚ್ಚನ್ನಿರಿಸಿ, ಮೂರನ್ನೂ ತ್ರಿಕೋನವಾಗಿ ಜೋಡಿಸಿದೆಯೆಂದು ಊಹಿಸಬಹುದು. ನಿಯಂತ್ರಕವನ್ನು ಹೂಡುವ ಗಣಕಯಂತ್ರದಲ್ಲಿ ಮೊದಲು ತಕ್ಕ ಆವೃತ್ತಿಯ ಜಾವಾ ಇರಬೇಕು. ಬಳಿಕ ಓಪನ್‌ಡೇಲೈಟಿನ ಕಡತವನ್ನು ಬಿಡಿಸಿ ಚಾಲನೆ ಮಾಡಬೇಕು. ಬೇಕಾದ ಸೌಲಭ್ಯಗಳನ್ನಷ್ಟೇ ಆರಿಸಿ ಸೇರಿಸಿಕೊಳ್ಳಬೇಕು. ಪ್ರತಿಯೊಂದು ಸ್ವಿಚ್ಚಿಗೂ ನಿಯಂತ್ರಕದ ವಿಳಾಸವನ್ನೂ 6653 ಎಂಬ ದ್ವಾರಸಂಖ್ಯೆಯನ್ನೂ ತಿಳಿಸಿದರೆ ಸಂಪರ್ಕ ಏರ್ಪಡುತ್ತದೆ. ಅನಂತರ ಅಪರಿಚಿತ ತುಣುಕೊಂದು ಬಂದಾಗ ಸ್ವಿಚ್ಚು ನಿಯಂತ್ರಕವನ್ನು ಕೇಳುತ್ತದೆ. ಬಂದ ನಿಯಮವನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡು ಮುಂದೆ ಅದರಂತೆ ನಡೆಯುತ್ತದೆ. ಸಿಂಧನೂರು-ಮಸ್ಕಿಗಳ ನಡುವಣ ತಂತಿ ಕಡಿದರೆ, ಲಿಂಗಸುಗೂರಿನ ಮೂಲಕ ಸಾಗುವ ಹೊಸ ನಿಯಮವನ್ನು ನಿಯಂತ್ರಕವು ಕಳುಹಿಸಬಲ್ಲದು. ಆದರೆ ಹಾಗೆ ಮಾಡಬೇಕೆಂಬ ನೀತಿಯನ್ನು ಮನುಷ್ಯನೇ ಮೊದಲು ಬರೆದಿಟ್ಟಿರಬೇಕು. ಆ ನೀತಿಯ ಗುಣದೋಷಗಳನ್ನು ಮಿನಿನೆಟ್ ಎಂಬ ಸಾಧನದಿಂದ ಒಂದೇ ಗಣಕಯಂತ್ರದೊಳಗೆ ಕೃತಕ ಜಾಲವನ್ನು ಕಟ್ಟಿ ಪರೀಕ್ಷಿಸಬಹುದು.

ಈ ಏರ್ಪಾಟಿನಲ್ಲಿ ಅಪಾಯವೂ ಉಂಟು. ನಿಯಂತ್ರಕವು ನಿಂತುಹೋದರೆ ಹಿಂದೆ ಬರೆದ ನಿಯಮಗಳು ತಮ್ಮ ಅವಧಿಯವರೆಗೆ ನಡೆಯಬಹುದು. ಹೊಸ ಪ್ರಶ್ನೆಗೆ ಉತ್ತರ ದೊರೆಯದು. ಆದ್ದರಿಂದ ಮೂರು ಗಣಕಯಂತ್ರಗಳನ್ನು ಒಟ್ಟಾಗಿ ಹೂಡುತ್ತಾರೆ. ಒಂದು ಕೆಟ್ಟರೂ ಉಳಿದ ಎರಡು ಬಹುಮತದಿಂದ ಕಾರ್ಯವನ್ನು ಮುಂದುವರಿಸುತ್ತವೆ. ಇನ್ನೊಂದು ಅಪಾಯ ಮನುಷ್ಯನದು. ನಿಯಂತ್ರಕದ ಗುಪ್ತಪದ ಯಾರ ಕೈಗೆ ಸಿಕ್ಕುವುದೋ ಅವನ ಕೈಗೆ ಎಲ್ಲ ತೂಬುಗಳ ಬೀಗದ ಕೈ ಸಿಕ್ಕಂತೆಯೇ.

ಸಮಗ್ರ ನೋಟವಿಲ್ಲದೆ ನ್ಯಾಯವಾದ ಹಂಚಿಕೆಯಿಲ್ಲ. ಆದರೆ ಆ ನೋಟವುಳ್ಳವನ ಕೈಯಲ್ಲಿ ಅಧಿಕಾರ ಸೇರಿದಷ್ಟೂ ಅವನು ನಡೆಯುವ ನಿಯಮ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ಮುಕ್ತ ತಂತ್ರಾಂಶದ ಹಿರಿಮೆ ಇರುವುದು ಇಲ್ಲಿ. ನೀರಗಂಟಿಯ ಲೆಕ್ಕ ತೆರೆದಿದ್ದರೆ ಕೊನೆಯ ಹೊಲದ ರೈತನೂ ಅದನ್ನು ಓದಿ ತನ್ನ ಪಾಲನ್ನು ಕೇಳಬಲ್ಲನು.

ಪ್ರಶ್ನೆಗಳು
1. ಸ್ವಿಚ್ಚಿಗೂ ನಿಯಂತ್ರಕಕ್ಕೂ ಇರುವ ವ್ಯತ್ಯಾಸವೇನು?
2. ಮೂರು ಗಣಕಯಂತ್ರಗಳನ್ನು ಒಟ್ಟಾಗಿ ಹೂಡುವುದೇಕೆ?
3. ನಿಯಂತ್ರಕವನ್ನು ನೀರಗಂಟಿಗೆ ಹೋಲಿಸಿರುವುದರ ಔಚಿತ್ಯವನ್ನು ವಿವರಿಸಿರಿ.