ಹೊಳೆಯ ಈಜು ಕಡಲಿಗೆ ಸಾಲದು

ಕೋಸಗಿ, ಆದವಾನಿ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಗೋಕರ್ಣ, ಮುರುಡೇಶ್ವರಕ್ಕೆ ಹೊರಟವರೇ, ಮಂತ್ರಾಲಯದ ತುಂಗಭದ್ರೆಯಲ್ಲಿ ಈಜಿದ ಧೈರ್ಯವನ್ನು ನೆಚ್ಚಿ ಕಡಲಿಗಿಳಿಯಬೇಡಿ. ದಡಕ್ಕೆ ಬಡಿದ ಅಲೆಗಳ ನೀರು ಇಕ್ಕಟ್ಟಾದ ಜಾಡು ಹಿಡಿದು ರಭಸದಿಂದ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆಯೂ ಕಡಿಮೆ. ತಿಳಿಯದವರು ಅದನ್ನೇ ಶಾಂತ ಜಾಗವೆಂದು ನಂಬಿ ಮಗುವನ್ನು ಇಳಿಸುತ್ತಾರೆ. ಉಬ್ಬರ ಇಳಿತದ ಜೊತೆಗೆ ಸೆಳೆತವೂ ಬದಲಾಗುವುದರಿಂದ ಬೆಳಗ್ಗೆ ಆಡಿದ ಜಾಗ ಸಂಜೆಗೆ ಅಪಾಯದ್ದಾಗಬಹುದು.

“ಮಳೆಗಾಲ ಮುಗಿದಿದೆಯಲ್ಲ” ಎನ್ನುತ್ತೀರಿ. ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿದ್ದು 2024ರ ಡಿಸೆಂಬರ್‌ನಲ್ಲಿ. “ಮೊಣಕಾಲುದ್ದ ಮಾತ್ರ” ಎಂದರೂ, ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಕೊರೆಯುತ್ತದೆ. ನಿಮ್ಮ ಮೊಣಕಾಲಿನ ನೀರು ಮಗುವಿನ ಸೊಂಟಕ್ಕೆ ಬಂದಿರುತ್ತದೆ. ಇಳಿಯುವ ಮೊದಲು ಜೀವರಕ್ಷಕರನ್ನೋ ಮೀನುಗಾರರನ್ನೋ ಕೇಳಿ. ಕೆಂಪು ಬಾವುಟವಿದ್ದರೆ ಮರಳಿನಲ್ಲೇ ಆಡಿ, ಅದೂ ಮಕ್ಕಳಿಗೆ ಸಂತೋಷವೇ. ಸೆಳೆತಕ್ಕೆ ಸಿಕ್ಕರೆ ಅದಕ್ಕೆದುರಾಗಿ ಈಜಿ ಸುಸ್ತಾಗಬೇಡಿ. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡದತ್ತ ತಿರುಗಿ. ಆಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಿ. ನೀರಿನಲ್ಲಿರುವಷ್ಟು ಹೊತ್ತು ಮೊಬೈಲು ಚೀಲದಲ್ಲಿರಲಿ. ಮಗುವಿನ ಕೈ ಬಿಡಬೇಡಿ.