ಕಿಸೆಯ ಟಾರ್ಚು: ಆಯ್ಕೆಯ ವಿಚಾರ

ಸಂಸೆಯ ಮಳೆಗಾಲವನ್ನು ಬಲ್ಲವರಿಗೆ ಟಾರ್ಚು ಅಲಂಕಾರದ ವಸ್ತುವಲ್ಲ. ಕರೆಂಟು ಹೋದ ರಾತ್ರಿ, ಕಾಫಿ ತೋಟದ ಕಾಲುದಾರಿಯಲ್ಲಿ ಬೇರು ಯಾವುದು, ಹಾವು ಯಾವುದು ಎಂದು ತಿಳಿಸುವುದು ಅದೇ. ಹಾಗಾದರೆ ಮೊದಲ ಟಾರ್ಚನ್ನು ಕೊಳ್ಳುವಾಗ ಏನನ್ನು ನೋಡಬೇಕು?

ಮೊದಲು ಸೆಲ್ಲು, ಆಮೇಲೆ ಟಾರ್ಚು ಎಂಬುದು ನನ್ನ ಮತ. ಸಣ್ಣ ಅಂಗಡಿಯಲ್ಲೂ ಸಿಗುವ 1.5 ವೋಲ್ಟಿನ ಡಬಲ್ ಎ ಸೆಲ್ಲಿನಿಂದ ಉರಿಯುವ ಎಲ್‌ಇಡಿ ಟಾರ್ಚೇ ಲೇಸು. ಇದರಲ್ಲಿ ಮೂರು ಬಗೆಯುಂಟು. ಸತು-ಇಂಗಾಲದ ಸೆಲ್ಲು ಅಗ್ಗ, ಆದರೆ ಬೇಗ ಸೊರಗುತ್ತದೆ. ಆಲ್ಕಲೈನ್ ಹೆಚ್ಚು ಕಾಲ ಬಾಳುತ್ತದೆ. ಖಾಲಿಯಾದ ಮೇಲೂ ಒಳಗೇ ಬಿಟ್ಟರೆ ಸೋರಿ ಟಾರ್ಚನ್ನು ಕೆಡಿಸೀತು. ನಿಕ್ಕಲ್-ಮೆಟಲ್ ಹೈಡ್ರೈಡ್ ಸೆಲ್ಲು 1.2 ವೋಲ್ಟಿನದಾದರೂ ನೂರಾರು ಸಲ ಚಾರ್ಜ್ ಮಾಡಬಹುದು. ನಿತ್ಯ ಬಳಸುವವರಿಗೆ ಇದೇ ಮಿತವ್ಯಯ. ಇದೇ ಅಳತೆಯಲ್ಲಿ 3.7 ವೋಲ್ಟಿನ ಲಿಥಿಯಂ-ಅಯಾನ್ ಸೆಲ್ಲೂ ಬರುತ್ತದೆ. ಟಾರ್ಚಿನ ಮೇಲೆ ಅದಕ್ಕೆ ಒಪ್ಪಿಗೆಯಿಲ್ಲದಿದ್ದರೆ ಹಾಕಲಾಗದು.

ಬೆಳಕಿನ ವಿಷಯದಲ್ಲಿ ಅತಿಯಾಸೆ ಬೇಡ. ಮೇಣದ ಬತ್ತಿಯದು ಸುಮಾರು 12 ಲೂಮೆನ್. ದಾರಿ ನಡೆಯಲು 100 ಸಾಕು. ಬೆಳಕು ಹೆಚ್ಚಿದಷ್ಟೂ ಸೆಲ್ಲು ಬೇಗ ತೀರುತ್ತದೆ. ನಮ್ಮ ಮಳೆಗೆ ಐಪಿಎಕ್ಸ್ 7 ಗುರುತು ಮೇಲು: ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದು ಎಂದು ಅದರರ್ಥ.

ಕೊನೆಯದಾಗಿ, ಬದಲಿ ಸೆಲ್ಲನ್ನು ಒಣಗಿದ ಡಬ್ಬಿಯಲ್ಲಿಡಿ. ನಡುದಾರಿಯಲ್ಲಿ ಆರಿದ ಟಾರ್ಚು ಎಷ್ಟು ಬೆಲೆಯದಾದರೇನು?