ಮಧ್ಯಗೇಹಭಟ್ಟರ ಎರಡು ಯಾತ್ರೆಗಳು

ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಸಂತಾನಾಪೇಕ್ಷೆಯಿಂದ ನಾಗಪ್ರತಿಷ್ಠೆ ಮಾಡಿಸುವ ದಂಪತಿಗಳು ಮನನ ಮಾಡತಕ್ಕ ಪ್ರಸಂಗವೊಂದು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿದೆ. ಪಾಜಕದ ಮಧ್ಯಗೇಹಭಟ್ಟರು ೧೨ ವರ್ಷ ಉಡುಪಿಯ ಅನಂತಾಸನನನ್ನು ಸೇವಿಸಿ ವಾಸುದೇವನನ್ನು ಪಡೆದರು. ಆ ಮಗನೇ ಸಂನ್ಯಾಸಕ್ಕೆ ಹೊರಟಾಗ ತಂದೆ ನೇತ್ರಾವತಿಯನ್ನು ದಾಟಿ ಹೋಗಿ ಕಂಡರು. ತಮ್ಮನ್ನು ಸಲಹಲು ಇನ್ನಾರಿದ್ದಾರೆಂಬುದೇ ಅವರ ಅಳಲು. ಆದರೂ ಮಗನ ನಿಶ್ಚಯವನ್ನರಿತು, ತಾಯಿಯೂ ಒಪ್ಪಲಿ ಎಂದು ಹರಸಿದರು. ಕರೆತರಲು ಹೋದವರು ಕೊಟ್ಟು ಬಂದರು. ಅನಂತರ ಇನ್ನೊಬ್ಬ ಮಗ ಜನಿಸಿದ. ಸಮ್ಮತಿಯನ್ನು ಪಡೆದ ವಾಸುದೇವನು ಯತಿಯಾಗಿ ಶ್ರೀಮಧ್ವಾಚಾರ್ಯರೆನಿಸಿದರು. ಮಾತಾಪಿತೃಗಳು ಗತಿಸಿದ ಮೇಲೆ ಆ ಅನುಜನೂ ಅಣ್ಣನನ್ನು ಅರಸಿ ಬಂದು ವಿಷ್ಣುತೀರ್ಥರಾದರು. ಮೊದಲ ಯಾತ್ರೆ ಬೇಡುವುದಕ್ಕೆ, ಎರಡನೆಯದು ಒಪ್ಪಿಸುವುದಕ್ಕೆ. ಹರಕೆ ಹೊತ್ತು ಪಡೆದ ಮಕ್ಕಳೂ ಹರಿಯ ಸೊತ್ತೇ ಎಂಬುದನ್ನು ನಾವು ಮರೆಯಬಾರದು.